ಒಳ್ಳೆಯ ಕೆಲಸದ ಜಾಗ: ದಕ್ಷಿಣ ಬೆಂಗಳೂರಿನಿಂದ ಕಂಡಂತೆ

ಒಳ್ಳೆಯ ಕೆಲಸದ ಜಾಗ ಎಂದರೆ ದುಡಿಯುವವರು ಬಿಟ್ಟುಹೋಗಲು ಮನಸ್ಸು ಮಾಡದ, ತಮ್ಮ ತಂಗಿಯನ್ನೋ ಮಗನನ್ನೋ ಅಲ್ಲಿಗೇ ಸೇರಿಸಲು ಹಿಂಜರಿಯದ ಕಾರ್ಖಾನೆ, ಕಚೇರಿ, ಅಂಗಡಿ ಅಥವಾ ತೋಟ. ಇಷ್ಟಕ್ಕೆ ಯಾವ ದೇಶದವರೂ ತಕರಾರು ತೆಗೆಯಲಾರರು. ತಕರಾರು ಹುಟ್ಟುವುದು ಕಾರಣ ಕೇಳಿದಾಗ. ಒಬ್ಬರಿಗೆ ನಿವೃತ್ತಿಯವರೆಗೂ ಅಲುಗಾಡದ ನೌಕರಿ ಮುಖ್ಯ, ಇನ್ನೊಬ್ಬರಿಗೆ ಸಂಜೆ ಐದಕ್ಕೆ ಎದ್ದು ಹೊರಡುವ ಹಕ್ಕು. ಒಂದು ಕಡೆ ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವ ಸಲಿಗೆಗೆ ಬೆಲೆ, ಇನ್ನೊಂದು ಕಡೆ ಮಗಳ ಮದುವೆಗೆ ಬಂದು ಅಕ್ಷತೆ ಹಾಕುವ ಮೇಲಧಿಕಾರಿಗೆ. ಈ ವ್ಯತ್ಯಾಸಗಳನ್ನು ನೋಡಲು ಜೆ.ಪಿ. ನಗರ ಮತ್ತು ಅದರ ನೆರೆಯ ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಗಳು ಅನುಕೂಲವಾದ ನೆಲೆ. ಸರ್ಕಾರಿ ಕಾರ್ಖಾನೆಯ ನಿವೃತ್ತ ಫಿಟ್ಟರ್, ಬನ್ನೇರುಘಟ್ಟ ರಸ್ತೆಯ ಸಾಫ್ಟ್‌ವೇರ್ ಎಂಜಿನಿಯರ್, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಟೈಲರ್, ನಾಲ್ಕು ಮನೆಗಳ ಕಸಮುಸುರೆ ಮುಗಿಸಿ ಬರುವ ಹೆಂಗಸು ಇಲ್ಲಿ ಒಂದೇ ಬೀದಿಯ ತರಕಾರಿ ಗಾಡಿಯ ಮುಂದೆ ನಿಲ್ಲುತ್ತಾರೆ. ಜರ್ಮನಿ, ಜಪಾನ್, ಅಮೆರಿಕಗಳ ಕೆಲಸದ ಪದ್ಧತಿಗಳೂ ಈ ಸುತ್ತಿಗೆ ಬಂದು ದಶಕಗಳಾಗಿವೆ.

ಬಡಾವಣೆಯ ಹೆಸರಲ್ಲಿ ಉಳಿದ ನೌಕರಿ

ಜೆ.ಪಿ. ನಗರದಲ್ಲಿ ಕೆಎಸ್‌ಆರ್‌ಟಿಸಿ ಲೇಔಟ್ ಇದೆ, ಆರ್‌ಬಿಐ ಲೇಔಟ್ ಇದೆ. ಬನ್ನೇರುಘಟ್ಟ ರಸ್ತೆಯ ಬಳಿ ವೈಶ್ಯ ಬ್ಯಾಂಕ್ ಕಾಲೊನಿ. ಬಿಟಿಎಂ 2ನೇ ಹಂತಕ್ಕೆ ಮೈಕೊ ಲೇಔಟ್ ಎಂಬ ಹೆಸರು ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ ಅಲ್ಲಿನ ಪೊಲೀಸ್ ಠಾಣೆಯ ಫಲಕವೂ ಅದನ್ನೇ ಹೊತ್ತಿದೆ. ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಬಡಾವಣೆ ಬದಲಿಸಿಕೊಳ್ಳಲಿಲ್ಲ. ನೌಕರರು ಗೃಹನಿರ್ಮಾಣ ಸಹಕಾರ ಸಂಘ ಕಟ್ಟಿಕೊಂಡು, ಸಂಬಳದಲ್ಲಿ ಕಂತು ಕಂತಾಗಿ ಕಟ್ಟಿ ನಿವೇಶನ ಪಡೆದ ಕಾಲದ ಗುರುತುಗಳು ಇವು. ಆ ಪೀಳಿಗೆಯವರಲ್ಲಿ ಹುಡುಗನ ಕೆಲಸ ಹೇಗಿದೆ ಎಂದು ಅಳೆಯಲು ಎರಡೇ ಪ್ರಶ್ನೆ ಸಾಕಿತ್ತು: ಪರ್ಮನೆಂಟ್ ಆಯ್ತಾ? ಸೈಟು ಸಿಕ್ತಾ?

ಈ ಕಲ್ಪನೆಯನ್ನು ಬೆಳೆಸಿದ್ದು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು. 1940ರಲ್ಲಿ ಹುಟ್ಟಿ ಮುಂದೆ ಸರ್ಕಾರದ ಕೈಗೆ ಬಂದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, 1964ರ ಬಿಇಎಂಎಲ್ ಈ ಸಾಲಿನವು. ಯಂತ್ರವಿದ್ಯೆ ಹೊರಗಿನಿಂದ ಬಂತು: ಎಚ್‌ಎಂಟಿಗೆ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್, ಬಳಿಕ ಕೈಗಡಿಯಾರಕ್ಕೆ 1961ರಲ್ಲಿ ಜಪಾನಿನ ಸಿಟಿಜನ್, ಬಿಇಎಲ್‌ಗೆ ಫ್ರಾನ್ಸಿನ ಸಿಎಸ್‌ಎಫ್. ಯಂತ್ರದ ಸುತ್ತ ಬೆಳೆದ ಬದುಕು ಮಾತ್ರ ಇಲ್ಲಿನದೇ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ರಿಯಾಯಿತಿ ದರದ ಕ್ಯಾಂಟೀನು, ನಗರದ ಮೂಲೆಮೂಲೆಗೂ ಬರುವ ಫ್ಯಾಕ್ಟರಿ ಬಸ್ಸು ಕೆಲಸದ ಭಾಗವೇ ಆಗಿದ್ದವು. ಕಾರ್ಖಾನೆಯ ಕನ್ನಡ ಸಂಘ ನಾಟಕ ಆಡಿಸುತ್ತಿತ್ತು, ರಾಜ್ಯೋತ್ಸವಕ್ಕೆ ಸಾಹಿತಿಗಳನ್ನು ಕರೆಸುತ್ತಿತ್ತು. ಆಯುಧಪೂಜೆಗೆ ಲೇತ್ ಯಂತ್ರಕ್ಕೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಹಲವು ಕಡೆ ಮನೆಮಂದಿಗೂ ಗೇಟು ತೆರೆಯುತ್ತಿದ್ದರು. ಕೈಗಡಿಯಾರ ಜೋಡಿಸುವ ವಿಭಾಗಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಬೆಂಗಳೂರಿನ ಮಧ್ಯಮವರ್ಗಕ್ಕೆ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಗೌರವದ ಮಾತಾದದ್ದು ಇಂಥ ಕಡೆಗಳಿಂದ.

ಇದನ್ನೆಲ್ಲ ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರು ಮರೆಯುವ ಒಂದು ಸಂಗತಿಯಿದೆ. ಇದೇ ಕಾರ್ಖಾನೆಗಳಲ್ಲಿ 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ನಡೆಯಿತು. ಬಿಎಚ್‌ಇಎಲ್ ನೌಕರರಿಗೆ ಸಿಗುವ ವೇತನ ತಮಗೂ ಬೇಕು ಎಂಬುದು ಬೇಡಿಕೆ; ಒಂದು ಲಕ್ಷಕ್ಕೂ ಮೀರಿದ ಜನ ಕೆಲಸ ನಿಲ್ಲಿಸಿದ್ದರು. ನಾಟಕ ಆಡಿಸುವ ಸಂಘ, ಸೈಟು ಕೊಡಿಸುವ ಸಹಕಾರ ಸಂಘ, ಮುಷ್ಕರಕ್ಕೆ ಕರೆ ಕೊಡುವ ಯೂನಿಯನ್ನು ಒಂದೇ ಕಾಂಪೌಂಡಿನೊಳಗೆ, ಎಷ್ಟೋ ಸಲ ಅವೇ ಮುಖಗಳಲ್ಲಿ, ಕೂಡಿ ಬಾಳಿದವು. ಜೆ.ಪಿ. ನಗರಕ್ಕೆ ಹೆಸರಾದ ಜಯಪ್ರಕಾಶ್ ನಾರಾಯಣರೇ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದವರು ಎಂಬುದನ್ನೂ ಇಲ್ಲಿ ನೆನೆಯಬಹುದು.

ಕಾಯಕ, ಗಂಟೆ, ಹೋಟೆಲು

ಕನ್ನಡ ನಾಡಿನಲ್ಲಿ ದುಡಿಮೆಯ ಬಗೆಗಿನ ಚಿಂತನೆ ಕಾರ್ಖಾನೆಗಿಂತ ಬಹಳ ಹಳೆಯದು. 12ನೇ ಶತಮಾನದ ಕಲ್ಯಾಣದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದರು. ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಬೇಕಾದ್ದಕ್ಕಿಂತ ಹೆಚ್ಚಿನದು ನಮಗೇಕೆಂದು ಹೆಂಡತಿ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಇವತ್ತಿನ ಕಂಪನಿಗಳ ಗೋಡೆಗಳ ಮೇಲೆ ಕಾಯಕದ ಮಾತು ಧಾರಾಳವಾಗಿ ಕಾಣಿಸುತ್ತದೆ, ಸಾಮಾನ್ಯವಾಗಿ ಹೆಚ್ಚು ಹೊತ್ತು ದುಡಿಯಿರಿ ಎಂಬ ಅರ್ಥದಲ್ಲಿ. ಲಕ್ಕಮ್ಮನ ಮಾತು ಗೋಡೆ ಹತ್ತಿದ್ದು ಅಪರೂಪ. ಕಾಯಕ ತತ್ವದಲ್ಲಿ ಮಿತಿಯೂ ಇದೆ, ಹಂಚಿಕೆಯೂ ಇದೆ. ಅವೆರಡನ್ನು ಬಿಟ್ಟು ದುಡಿಮೆಯೊಂದನ್ನೇ ಎತ್ತಿ ಹಿಡಿದರೆ ಅದು ಶರಣರ ಮಾತಾಗುವುದಿಲ್ಲ.

ಹೊರಗಿನ ಸಂಸ್ಕೃತಿಯೊಂದು ಕರ್ನಾಟಕದ ಕೆಲಸದ ಜಾಗವನ್ನು ಮೊದಲು ತನ್ನ ಅಚ್ಚಿಗೆ ಎರಕ ಹೊಯ್ದದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಷನ್ 1851ರಲ್ಲಿ ಜಾನ್ ಹಾಲರ್ ನೇತೃತ್ವದಲ್ಲಿ ನೇಯ್ಗೆ ಕಾರ್ಖಾನೆಯನ್ನೂ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತೃತ್ವದಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಮತಾಂತರವಾಗಿ ಜಾತಿಯ ಕಸುಬು, ಜಮೀನು, ನೆಂಟರ ಆಸರೆ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ಜರ್ಮನ್–ಸ್ವಿಸ್ ಭಕ್ತಿಪಂಥದ ಶಿಸ್ತು ಅಲ್ಲಿಯ ಕೆಲಸದೊಳಗೆ ಬಂತು: ಪ್ರಾರ್ಥನೆಯಿಂದ ಆರಂಭ, ಗಂಟೆಗೆ ತಕ್ಕ ದುಡಿಮೆ, ಭಾನುವಾರ ರಜೆ, ಉಳಿತಾಯ, ಮದ್ಯಕ್ಕೆ ನಿಷೇಧ. ತಲೆತಲಾಂತರದ ಕಸುಬನ್ನು ಬಿಟ್ಟು ಬೇರೆ ಬೇರೆ ಜಾತಿಯ ಜನ ಒಂದೇ ಸೂರಿನಡಿ ಮಣ್ಣು ಕಲಸಿ ಹೆಂಚು ಒತ್ತಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮೇಲ್ವಿಚಾರಣೆ ಬಿಗಿಯಾಗಿತ್ತು, ಮನೆಯೊಳಗಿನ ನಡತೆಗೂ ಅದು ಕಣ್ಣು ಹಾಯಿಸುತ್ತಿತ್ತು. ಕಾಪಾಡುವ ಒಡೆಯನ ಬೆಲೆ ಅದು.

ಬೆಂಗಳೂರಿಗೆ ಜಪಾನ್ ಬಂದದ್ದೂ ನಾವೆಣಿಸುವುದಕ್ಕಿಂತ ಮೊದಲೇ. 1890ರ ದಶಕದಲ್ಲಿ ಜೆಮ್‌ಷೆಟ್‌ಜಿ ಟಾಟಾ ಜಪಾನಿ ತಜ್ಞರನ್ನು ಕರೆಸಿ ಇಲ್ಲಿ ರೇಷ್ಮೆ ಫಾರಂ ಮಾಡಿಸಿದರು. ಬಸವನಗುಡಿ–ಜಯನಗರದ ಅಂಚಿನಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬಸ್ ನಿಲ್ದಾಣದ ಮಾತಿನಲ್ಲಿ ಇನ್ನೂ ಬದುಕಿದೆ.

ಹೋಟೆಲುಗಳದು ಬೇರೆಯೇ ದಾರಿ. ಉಡುಪಿ, ಕುಂದಾಪುರದ ಕಡೆಯ ಬಡ ಹುಡುಗರಿಗೆ ಊಟ, ಮಲಗುವ ಜಾಗ, ಸಂಬಳ ಮೂರೂ ಕೊಡುವ ಹೋಟೆಲು ಕೆಲಸದ ಜಾಗವೂ ಮನೆಯೂ ಆಗಿತ್ತು. ಮುಂಬಯಿಯಲ್ಲಿ ಇಂಥ ಹುಡುಗರಿಗಾಗಿಯೇ ಕನ್ನಡ ರಾತ್ರಿ ಶಾಲೆಗಳು ಹುಟ್ಟಿದವು. ಹಗಲು ತಟ್ಟೆ ತೊಳೆದು ರಾತ್ರಿ ಓದಿ ವಕೀಲರು, ಬ್ಯಾಂಕ್ ಅಧಿಕಾರಿಗಳು, ಹೋಟೆಲ್ ಮಾಲೀಕರು ಆದವರ ಕಥೆ ಅಲ್ಲಿನ ಕನ್ನಡಿಗರಲ್ಲಿ ಮನೆಮಾತು. ಆ ಲೋಕದಲ್ಲಿ ಸಂಜೆ ಆರಕ್ಕೆ ಹುಡುಗನನ್ನು ಶಾಲೆಗೆ ಬಿಡುವವನು ಒಳ್ಳೆಯ ಧಣಿ, ಬಿಡದವನು ಕೆಟ್ಟವನು. ಬೆಂಗಳೂರಿನ ಲಾಲ್‌ಬಾಗ್ ಬಳಿ, 1924ರಲ್ಲಿ ಆರಂಭವಾದ ಹೋಟೆಲಿನಿಂದ ಬೆಳೆದ ಎಂಟಿಆರ್‌ಗೆ ಇನ್ನೊಂದು ಬಗೆಯ ಮಹತ್ವವಿದೆ. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದು ಅಲ್ಲಿಯ ಶುಚಿತ್ವದ ಕ್ರಮಗಳನ್ನು ತಮ್ಮ ಅಡುಗೆಮನೆಗೆ ತಂದರು, ಗಿರಾಕಿಗಳಿಗೆ ಅಡುಗೆಮನೆಯನ್ನು ತೆರೆದಿಟ್ಟರು. ತುರ್ತುಪರಿಸ್ಥಿತಿಯ ಬೆಲೆ ನಿಯಂತ್ರಣದಿಂದ ಹೋಟೆಲು ಮುಚ್ಚುವ ಹಾಗಾದಾಗ ಕೆಲಸಗಾರರನ್ನು ಮನೆಗೆ ಕಳಿಸದೆ ದಿನಸಿ, ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ತಿರುಗಿದರು. ಇದಕ್ಕೂ ಮುಂದೆ ಹೋದದ್ದು ಕಾಫಿ ಹೌಸು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ನೌಕರರೇ ಸೇರಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಧಣಿಯೇ ಇಲ್ಲದ ಕೆಲಸದ ಜಾಗ ಅದು.

ಅಳತೆಗೋಲುಗಳು

ಇಂಥ ವ್ಯತ್ಯಾಸಗಳಿಗೆ ಅಂಕಿ ಕೊಡುವ ಪ್ರಯತ್ನಗಳಲ್ಲಿ ಹೆಚ್ಚು ಹೆಸರಾದದ್ದು ಡಚ್ ವಿದ್ವಾಂಸ ಗೀರ್ಟ್ ಹೊಫ್‌ಸ್ಟೀಡ್ ಅವರದು. 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ತುಂಬಿಸಿಕೊಂಡ ಸುಮಾರು 1,16,000 ಪ್ರಶ್ನಾವಳಿಗಳ ಆಧಾರದ ಮೇಲೆ ಅವರ ಗ್ರಂಥ 1980ರಲ್ಲಿ ಹೊರಬಂತು. ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದು ಅವರ ಒಂದು ಅಳತೆ: ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40, ಸ್ವೀಡನ್ನಿಗೆ 31. ತನ್ನ ಹಾದಿ ತನಗೆ ಎಂಬ ವ್ಯಕ್ತಿಪ್ರಧಾನ ಭಾವದಲ್ಲಿ ಅಮೆರಿಕಕ್ಕೆ 91, ಭಾರತಕ್ಕೆ 48, ಜಪಾನಿಗೆ 46. ಎಂಟು ದೇಶಗಳಲ್ಲಿ ನಡೆದು 1987ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ದುಡಿಮೆ ಬದುಕಿನ ನಡುಮಧ್ಯದಲ್ಲಿರುವುದು ಜಪಾನೀಯರಿಗೇ ಹೆಚ್ಚು ಎಂದು ಕಂಡಿತು. ಅಮೆರಿಕದ ರಾಬರ್ಟ್ ಲೆವರಿಂಗ್ ಮತ್ತು ಮಿಲ್ಟನ್ ಮಾಸ್ಕೊವಿಟ್ಜ್ 1984ರಲ್ಲಿ ಒಳ್ಳೆಯ 100 ಕಂಪನಿಗಳ ಪುಸ್ತಕ ಬರೆದು, ನೌಕರ ಆಡಳಿತವನ್ನು ನಂಬುತ್ತಾನೆಯೇ ಎಂಬುದನ್ನೇ ಮುಖ್ಯ ಕಸೋಟಿ ಮಾಡಿದರು. ಇವತ್ತು ಬೆಂಗಳೂರಿನ ಕಂಪನಿಗಳ ಸ್ವಾಗತ ಕೊಠಡಿಯಲ್ಲಿ ತೂಗುವ ಪ್ರಮಾಣಪತ್ರಗಳ ವಂಶ ಅಲ್ಲಿಂದ ಶುರು.

ಭಾರತದ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರುವ ಮಾತು ಹೇಳಿದವರು ಮನೋವಿಜ್ಞಾನಿ ಜೆ.ಬಿ.ಪಿ. ಸಿನ್ಹಾ. ಅಕ್ಕರೆಯಿಂದ ನೋಡಿಕೊಳ್ಳುತ್ತಲೇ ಕೆಲಸದ ವಿಷಯದಲ್ಲಿ ರಾಜಿಯಾಗದ, ಕೈಕೆಳಗಿನವರು ಪಳಗಿದ ಹಾಗೆ ಹಿಡಿತ ಸಡಿಲಿಸುವ ನಾಯಕನನ್ನು ಇಲ್ಲಿಯವರು ಮೆಚ್ಚುತ್ತಾರೆ ಎಂದು ಅವರು 1980ರ ಪುಸ್ತಕದಲ್ಲಿ ವಾದಿಸಿದರು. ಗದರಿಸುತ್ತಲೇ ಕಲಿಸಿದ, ಕಷ್ಟಕ್ಕೆ ಜೇಬಿನಿಂದ ಕಾಸು ಕೊಟ್ಟ ಸಾಹೇಬರನ್ನು ನಿವೃತ್ತರು ನೆನೆಯುವ ರೀತಿ ಕೇಳಿದವರಿಗೆ ಸಿನ್ಹಾ ಹೇಳಿದ್ದು ಥಟ್ಟನೆ ಅರ್ಥವಾಗುತ್ತದೆ.

ಹೊಫ್‌ಸ್ಟೀಡ್ ಪಟ್ಟಿಗೆ ಆಕ್ಷೇಪಗಳೂ ಇವೆ. ಒಂದೇ ಕಂಪನಿಯ ನೌಕರರು ಇಡೀ ದೇಶವನ್ನು ಪ್ರತಿನಿಧಿಸಲಾರರು, ದೇಶದ ಗಡಿ ಸಂಸ್ಕೃತಿಯ ಗಡಿಯಲ್ಲ ಎಂದು ಬ್ರೆಂಡನ್ ಮ್ಯಾಕ್‌ಸ್ವೀನಿ 2002ರಲ್ಲಿ ವಿವರವಾಗಿ ಬರೆದರು. ದಕ್ಷಿಣ ಬೆಂಗಳೂರಿನಿಂದ ನೋಡಿದರೆ ಇನ್ನೊಂದು ಕೊರತೆ ಕಾಣುತ್ತದೆ. ಭಾರತೀಯರು ಮೇಲಿನವರ ಅಂತರವನ್ನು ಒಪ್ಪುತ್ತಾರೆ ಎಂದು 77 ಹೇಳುತ್ತದೆ. 77 ದಿನದ ಮುಷ್ಕರ ಬೇರೆ ಮಾತು ಹೇಳುತ್ತದೆ. ಸಂಸ್ಕೃತಿ ನಿರ್ಧರಿಸುವುದು ಹೆಚ್ಚಾಗಿ ಕೇಳುವ ರೀತಿಯನ್ನು: ಹೆಸರು ಹಿಡಿದು ಕೇಳುವುದೇ, ಸರ್ ಎಂದು ಕೈಕಟ್ಟಿ ಕೇಳುವುದೇ, ಸಂಘದ ಮೂಲಕ ಕೇಳುವುದೇ. ಏನನ್ನು ಕೇಳುತ್ತಾರೆ ಎಂಬುದು ಅಷ್ಟೊಂದು ಬೇರೆಯಾಗುವುದಿಲ್ಲ ಎಂಬುದಕ್ಕೆ ಮುಂದಿನ ಉದಾಹರಣೆಗಳು ಸಾಕ್ಷಿ.

ಆಡುಗೋಡಿಯ ಜರ್ಮನಿ, ಬಿಡದಿಯ ಜಪಾನ್

ಜರ್ಮನಿಯಲ್ಲಿ ಒಳ್ಳೆಯ ಕೆಲಸದ ಜಾಗವೆಂದರೆ ನಿಯಮ ಸ್ಪಷ್ಟವಿರುವ, ಕೈಕೆಲಸ ಬಲ್ಲವನಿಗೆ ಮನ್ನಣೆಯಿರುವ, ನಿರ್ಧಾರದಲ್ಲಿ ಕಾರ್ಮಿಕನಿಗೂ ಪಾಲಿರುವ ಜಾಗ. ಐದು ಜನ ನೌಕರರಿದ್ದರೂ ಅಲ್ಲಿ ನೌಕರರ ಪರಿಷತ್ತು ಚುನಾಯಿಸಬಹುದು. 1952ರ ಕಾಯ್ದೆ, 1972ರ ಪರಿಷ್ಕರಣೆ ಅದಕ್ಕೆ ಬಲ ಕೊಟ್ಟವು. 2,000ಕ್ಕೂ ಹೆಚ್ಚು ನೌಕರರ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರಿಗೆ ಎಂದು 1976ರ ಕಾಯ್ದೆ ಹೇಳುತ್ತದೆ. ರಾಬರ್ಟ್ ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ಎಂಟು ಗಂಟೆಯ ದಿನವನ್ನು 1906ರಲ್ಲೇ ತಂದಿದ್ದರು. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೈಕೊ ಆಡುಗೋಡಿಗೆ ತಂದದ್ದರಲ್ಲಿ ಬಹುಕಾಲ ಬಾಳಿದ್ದು ಅಪ್ರೆಂಟಿಸ್ ತರಬೇತಿ. ಅಲ್ಲಿ ಪಳಗಿದ ಟೂಲ್‌ಮೇಕರನಿಗೆ ಊರೆಲ್ಲ ಬೆಲೆಯಿತ್ತು. ಪರಿಷತ್ತು ಮಾತ್ರ ಹಡಗು ಹತ್ತಲಿಲ್ಲ. ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ನೂರು ಕಾರ್ಮಿಕರಿರುವ ಕಡೆ ಮಾಲೀಕ–ಕಾರ್ಮಿಕರ ಸಮಿತಿ ಇರಬೇಕೆಂದಿತ್ತು. ಅದು ಕ್ಯಾಂಟೀನಿನ ಸಾಂಬಾರಿನ ಚರ್ಚೆ ದಾಟಿ ಮುಂದೆ ಹೋದದ್ದು ಕಡಿಮೆ.

ಜಪಾನಿನ ದೊಡ್ಡ ಕಂಪನಿಗಳ ಪದ್ಧತಿಯನ್ನು ಹೊರಜಗತ್ತಿಗೆ ಪರಿಚಯಿಸಿದ್ದು ಜೇಮ್ಸ್ ಅಬೆಗ್ಲೆನ್ 1958ರಲ್ಲಿ ಬರೆದ ಪುಸ್ತಕ. ಬದುಕಿಡೀ ಒಂದೇ ಕಂಪನಿ, ಹಿರಿತನಕ್ಕೆ ತಕ್ಕ ಸಂಬಳ, ಕಂಪನಿಗೊಂದು ಸಂಘ. ಬೆಳಗಿನ ವ್ಯಾಯಾಮ, ಎಲ್ಲರಿಗೂ ಒಂದೇ ಸಮವಸ್ತ್ರ, ಮ್ಯಾನೇಜರನಿಗೂ ಅದೇ ಕ್ಯಾಂಟೀನು. ಇದರ ಕರಾಳ ಮುಖ ಕರೋಶಿ, ಅಂದರೆ ದುಡಿದು ದುಡಿದು ಸಾಯುವುದು. ಅದನ್ನು ತಡೆಯಲು 2018ರ ಕಾಯ್ದೆ ಓವರ್‌ಟೈಮ್‌ಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗಳ ಸಾಮಾನ್ಯ ಮಿತಿ ಹಾಕಿತು.

ಬನಶಂಕರಿಯಿಂದ ಒಂದು ಗಂಟೆ ಹಾದಿಯ ಬಿಡದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಈ ಪದ್ಧತಿಯ ಬಹುಪಾಲನ್ನು ತಂದಿತು. ದಿನದಿನವೂ ಸಣ್ಣಸಣ್ಣ ಸುಧಾರಣೆ ಮಾಡುವ ಕೈಜೆನ್, ಪ್ರತಿ ಉಪಕರಣಕ್ಕೂ ಗೆರೆ ಎಳೆದು ಗುರುತಿಸಿದ ಜಾಗ, ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಸಾಲನ್ನು ನಿಲ್ಲಿಸುವ ಅಧಿಕಾರ. 2007ರಲ್ಲಿ ಆರಂಭವಾದ ಅದರ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳನ್ನು ಆರಿಸಿ ವಸತಿಸಹಿತ ಮೂರು ವರ್ಷ ಕಲಿಸುತ್ತದೆ. ಅದೇ ಕಾರ್ಖಾನೆಯಲ್ಲಿ 2006, 2014, 2020ರಲ್ಲಿ ಬೀಗಮುದ್ರೆಗಳಾದವು. 2020ರ ನವೆಂಬರಿನ ವಿವಾದದಲ್ಲಿ ಕಾರ್ಮಿಕ ಸಂಘದ ದೂರು ಸಾಲಿನ ವೇಗದ ಬಗ್ಗೆ: ನೀರು ಕುಡಿಯಲು, ಶೌಚಕ್ಕೆ ಹೋಗಲು ಪುರುಸೊತ್ತಿಲ್ಲ ಎಂದು. ಆಡಳಿತ ಶಿಸ್ತಿನ ಪ್ರಶ್ನೆಯೆಂದಿತು; ತಿಂಗಳುಗಟ್ಟಲೆ ಎಳೆದು ಮುಂದಿನ ವರ್ಷ ತಿಳಿಯಾಯಿತು. ಜಪಾನಿ ಶಿಸ್ತನ್ನು ಕನ್ನಡದ ಹುಡುಗರು ಒಪ್ಪಲಿಲ್ಲ ಎಂದು ಆಗ ಕೆಲವರು ತೀರ್ಪು ಕೊಟ್ಟರು. ಅದು ಅವಸರದ ತೀರ್ಪು. ಶಿಸ್ತನ್ನು ಅವರು ಕಲಿತಿದ್ದರು, ಕೆಲಸದಲ್ಲಿ ಹೆಸರೂ ಗಳಿಸಿದ್ದರು. ಕಂಪನಿಯೇ ತನ್ನ ಊರು ಎಂಬ ಭಾವ ಬರಲಿಲ್ಲ, ಏಕೆಂದರೆ ಅವರ ಊರು ಮಾಗಡಿ, ಚನ್ನಪಟ್ಟಣದ ಆಸುಪಾಸಿನಲ್ಲೇ ಇತ್ತು. ಶೌಚಕ್ಕೆ ಸಮಯ ಕೇಳುವುದಕ್ಕೆ ಯಾವ ಸಂಸ್ಕೃತಿಯೂ ಬೇಕಿಲ್ಲ.

ಉಳಿದ ನಾಡುಗಳು

ಸ್ವೀಡನ್ನಿನಲ್ಲಿ ಕೆಲಸದ ನಡುವೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವುದು ಬಹುತೇಕ ಸಂಸ್ಥೆಯೇ ಆಗಿದೆ. ತಂದೆತಾಯಿ ಹಂಚಿಕೊಳ್ಳುವ ಪೋಷಕ ರಜೆಯನ್ನು 1974ರಲ್ಲಿ ತಂದ ಮೊದಲ ದೇಶ ಅದು, ಈಗ 480 ದಿನ. ಫ್ರಾನ್ಸ್ 2000ರಲ್ಲಿ ವಾರಕ್ಕೆ 35 ಗಂಟೆ ಮಾಡಿತು, 2017ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಇಮೇಲ್ ನೋಡದಿರುವ ಹಕ್ಕಿಗೆ ಕಾನೂನಿನ ಬೆಂಬಲ ಕೊಟ್ಟಿತು. ಕೆಲಸ ಮಾಡುವ ಜಾಗದಲ್ಲೇ ಊಟ ಮಾಡಬಾರದೆಂಬ ನಿಯಮವೂ ಅಲ್ಲಿದೆ, ಕೋವಿಡ್ ಕಾಲದಲ್ಲಿ 2021ರಲ್ಲಿ ಅದನ್ನು ಸಡಿಲಿಸಬೇಕಾಯಿತು. ಕಂಪ್ಯೂಟರಿನ ಪಕ್ಕದಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚುವ ನಮಗೆ ಇದು ವಿಚಿತ್ರ. ಅಮೆರಿಕದಲ್ಲಿ ಸಂಬಳ, ಬಡ್ತಿ, ಮಾತಿನ ಸಲಿಗೆ ಹೆಚ್ಚು, ಭದ್ರತೆ ಕಡಿಮೆ: 1993ರ ಕೇಂದ್ರ ಕಾಯ್ದೆ ಹೆರಿಗೆಗೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಭಾರತದಲ್ಲಿ 2017ರಿಂದ ಅದು ಸಂಬಳಸಹಿತ 26 ವಾರ. ಚೀನಾದಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ಎಂಬ ರೂಢಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಕಾನೂನುಬಾಹಿರ ಎಂದಿತು. ದಕ್ಷಿಣ ಕೊರಿಯಾ 2018ರಿಂದ ವಾರಕ್ಕೆ 52 ಗಂಟೆಯ ಮಿತಿ ಹಾಕಿದೆ. ಕರಾವಳಿಯ ಸಾವಿರಾರು ಮನೆಗಳಿಗೆ ಪರಿಚಿತವಾದ ಕೊಲ್ಲಿ ದೇಶಗಳಲ್ಲಿ ಬೇಸಿಗೆಯ ನಡುಹಗಲು ಬಿಸಿಲಲ್ಲಿ ಕೆಲಸ ನಿಷಿದ್ಧ. ಪಾಸ್‌ಪೋರ್ಟ್ ತನ್ನ ಕೈಯಲ್ಲೇ ಇದೆಯೇ, ಸಂಬಳ ತಿಂಗಳಿಗೆ ಸರಿಯಾಗಿ ಊರಿಗೆ ಬರುತ್ತದೆಯೇ ಎಂಬುದೇ ಅಲ್ಲಿ ಒಳ್ಳೆಯ ಕಂಪನಿಯ ಲಕ್ಷಣ.

ಬೊಮ್ಮನಹಳ್ಳಿಯ ಹೊಲಿಗೆ ಸಾಲು

ಜೆ.ಪಿ. ನಗರದಿಂದ ಪೂರ್ವಕ್ಕೆ ಹೊಸೂರು ರಸ್ತೆಯ ಬೊಮ್ಮನಹಳ್ಳಿ ಗಾರ್ಮೆಂಟ್ಸ್ ಉದ್ಯಮದ ದೊಡ್ಡ ನೆಲೆ. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಮಂಡ್ಯ, ಕನಕಪುರ, ಕೋಲಾರದ ಕಡೆಯವರು, ಈಚೆಗೆ ಉತ್ತರ ಕರ್ನಾಟಕ, ಒಡಿಶಾದವರೂ. ಒಳಗೆ ಯಂತ್ರಗಳು ಉದ್ದಕ್ಕೆ ಸಾಲಾಗಿ ನಿಂತಿರುತ್ತವೆ. ಒಬ್ಬಳು ಕಾಲರ್ ಮಾತ್ರ, ಮತ್ತೊಬ್ಬಳು ತೋಳು ಮಾತ್ರ, ಮಗದೊಬ್ಬಳು ಗುಂಡಿಯ ಕಾಜಾ ಮಾತ್ರ. ಸಾಲಿನ ತುದಿಯ ಬೋರ್ಡಿನಲ್ಲಿ ಗಂಟೆಗೊಮ್ಮೆ ಎರಡು ಸಂಖ್ಯೆ ಬರೆಯುತ್ತಾರೆ: ಆಗಬೇಕಾದದ್ದು, ಆದದ್ದು. ಎರಡರ ನಡುವೆ ಅಂತರ ಬಿದ್ದರೆ ಸೂಪರ್‌ವೈಸರ್ ಬಾಯಿ ಏರುತ್ತದೆ. ಒಬ್ಬಳ ಮುಂದೆ ತುಂಡುಗಳ ರಾಶಿ ಬಿದ್ದರೆ ಹಿಂದಿನವಳಿಗೂ ಬೈಗುಳ, ಮುಂದಿನವಳ ಕೈ ಖಾಲಿ. ಹೀಗಾಗಿ ನೀರು ಕಡಿಮೆ ಕುಡಿಯುವುದನ್ನು ಎಷ್ಟೋ ಹೆಂಗಸರು ಅಭ್ಯಾಸ ಮಾಡಿಕೊಂಡಿರುತ್ತಾರೆ.

ಇವರನ್ನು ಒಳ್ಳೆಯ ಫ್ಯಾಕ್ಟರಿ ಯಾವುದೆಂದು ಕೇಳಿದರೆ ಬರುವ ಉತ್ತರ ಸರಳ: ಬೈಯದ ಸೂಪರ್‌ವೈಸರ್, ತಿಂಗಳ ಏಳರೊಳಗೆ ಸಂಬಳ, ಪಿಎಫ್ ಕಟ್ಟುವ ಆಡಳಿತ, ಮಗು ಬಿಡಲು ಶಿಶುವಿಹಾರ. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಶಿಶುವಿಹಾರ ಇರಬೇಕೆಂದು ಕಾರ್ಖಾನೆ ಕಾಯ್ದೆ 2025ರವರೆಗೆ ಹೇಳುತ್ತಲೇ ಬಂದಿತ್ತು. ಇದ್ದ ಕಡೆಯಲ್ಲೂ ಮಗುವನ್ನು ಬಸ್ಸಿನ ನೂಕುನುಗ್ಗಲಲ್ಲಿ ಎತ್ತಿಕೊಂಡು ಬರುವುದು ಹೇಗೆಂದು ಕಾಯ್ದೆ ಹೇಳಲಿಲ್ಲ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದೆಂಬ ನಿಯಮ ಮಾಡಿತು. ಮಕ್ಕಳ ಫೀಸು, ಬಾಣಂತನ, ಸಾಲಕ್ಕೆ ಆ ದುಡ್ಡನ್ನೇ ನೆಚ್ಚಿದವರು ಏಪ್ರಿಲ್ 18 ಮತ್ತು 19ರಂದು ಯಾವ ದೊಡ್ಡ ನಾಯಕರೂ ಕರೆಯದೆ ರಸ್ತೆಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಎರಡನೆಯ ದಿನ ಸಂಜೆಯೊಳಗೆ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ವಿಧೇಯತೆ ಭಾರತೀಯ ಹೆಂಗಸಿನ ಸಂಸ್ಕೃತಿ ಎಂದು ನಂಬಿ ಕಾರ್ಖಾನೆ ಕಟ್ಟಿದವರಿಗೆ ಆ ಎರಡು ದಿನ ಪಾಠವಾಗಿರಬೇಕು.

ಗಾಜಿನ ಕಟ್ಟಡಗಳು

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಉಪಗ್ರಹ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರ ಪ್ರಸಿದ್ಧ. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೊಸಿಸ್ 1994ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಯಿತು, ನೌಕರರಿಗೆ ಷೇರು ಹಂಚುವ ಅಮೆರಿಕದ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ತಂದಿತು. ಹೊಸ ಕಚೇರಿಗಳಲ್ಲಿ ಮೇಲಧಿಕಾರಿಯ ಹೆಸರು ಬಾಯಿಗೆ ಬಂತು, ಬಾಗಿಲಿಲ್ಲದ ಕೊಠಡಿ, ಹುಲ್ಲುಹಾಸು, ಜಿಮ್, ಮನೆ ಬಾಗಿಲಿಗೆ ಕ್ಯಾಬು ಬಂದವು. ಸಾರ್ವಜನಿಕ ಉದ್ದಿಮೆಯ ಟೌನ್‌ಶಿಪ್ಪಿನ ಹಳೆಯ ಕನಸೇ ಹೊಸ ಗಾಜಿನಲ್ಲಿ ಕಾಣಿಸಿದ್ದು ಎಂದರೆ ಪೂರ್ತಿ ತಪ್ಪಾಗದು; ಯೂನಿಯನ್ನು ಮಾತ್ರ ಇರಲಿಲ್ಲ. ಐಟಿ ಉದ್ಯಮಕ್ಕೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತ ಬಂದಿತು, 2024ರಲ್ಲೂ ಐದು ವರ್ಷಕ್ಕೆ ಮುಂದುವರಿಸಿತು.

ಅಪ್ಪ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದು ಜೆ.ಪಿ. ನಗರದಲ್ಲಿ ಮನೆ ಕಟ್ಟಿದ, ಮಗಳು ಹತ್ತು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಕಂಪನಿ ಬಿಡುವುದು ಅಪ್ಪನಿಗೆ ಅವಮಾನ, ಮಗಳಿಗೆ ಸಂಬಳ ಹೆಚ್ಚಿಸಿಕೊಳ್ಳುವ ಏಕೈಕ ದಾರಿ. 2017ರಲ್ಲಿ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಕೆಐಟಿಯು ಹುಟ್ಟಿತು. ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸ್ಥಾಪಕ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದ ಮಾತು, ಐಟಿ ಕೆಲಸದ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ 2024ರ ಜುಲೈ ಪ್ರಸ್ತಾವ ಎರಡೂ ಬಿರುಸಿನ ಜಗಳ ಎಬ್ಬಿಸಿದವು. ಎರಡನೆಯದರ ವಿರುದ್ಧ ಕೆಐಟಿಯು ಬೀದಿಗಿಳಿಯಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಸರ್ಕಾರಿ, ಖಾಸಗಿ ಎರಡೂ ಕ್ಷೇತ್ರಗಳ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು.

ಬೆಂಗಳೂರಿಗೇ ವಿಶಿಷ್ಟವಾದ ಒಂದು ಕಸೋಟಿ ಯಾವ ವಿದೇಶಿ ಪಟ್ಟಿಯಲ್ಲೂ ಸಿಗುವುದಿಲ್ಲ: ವಾಹನಗಳು ಕಟ್ಟಿ ನಿಲ್ಲುವ ಸಿಲ್ಕ್ ಬೋರ್ಡ್ ವೃತ್ತ ದಾಟಬೇಕೇ, ಬೇಡವೇ? ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿನ ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದ ಮೇಲೆ ಜಯನಗರ, ಬಿಟಿಎಂ ಕಡೆಯವರ ಪಾಲಿಗೆ ಎಲೆಕ್ಟ್ರಾನಿಕ್ಸ್ ಸಿಟಿಯ ಅದೇ ಹಳೆಯ ಕಂಪನಿಗಳು ರಾತ್ರೋರಾತ್ರಿ ಒಳ್ಳೆಯ ಕಂಪನಿಗಳಾದವು.

ಮನೆಯೆಂಬ ಕೆಲಸದ ಜಾಗ

ಜೆ.ಪಿ. ನಗರದಲ್ಲಿ ಕಚೇರಿಗಳಿಗಿಂತ ಮನೆಗಳು ಹೆಚ್ಚು. ಹಾಗಾಗಿ ಅಲ್ಲಿನ ಅತಿ ಸಾಮಾನ್ಯ ಕೆಲಸದ ಜಾಗವೂ ಮನೆಯೇ. ಪಾತ್ರೆ, ಬಟ್ಟೆ, ಅಡುಗೆ, ಮುದುಕರ ಆರೈಕೆಗೆ ಬರುವ ಹೆಂಗಸರು ಯಾವ ಪ್ರಶ್ನಾವಳಿಯನ್ನೂ ತುಂಬಿದವರಲ್ಲ. ಅವರ ಮಾತಿನಲ್ಲಿ ಒಳ್ಳೆ ಮನೆ ಎಂದರೆ ಮನೆಯವರದೇ ಬಚ್ಚಲು ಬಳಸಲು ಬಿಡುವ, ಬೇರೆ ಲೋಟ ಇಡದ, ಊರಹಬ್ಬಕ್ಕೆ ಹೋದ ದಿನದ ಸಂಬಳ ಹಿಡಿಯದ ಮನೆ. ಜಾತಿ ಇಲ್ಲಿ ಕೆಲಸದ ಜಾಗದ ಒಳಗೇ ಕೂತಿರುತ್ತದೆ, ಅಡುಗೆಗೆ ಬೇಕಾದವರು ಬೇರೆ, ಕಸ ಗುಡಿಸುವವರು ಬೇರೆ. ಪಾಶ್ಚಾತ್ಯ ಅಳತೆಗೋಲುಗಳಲ್ಲಿ ಇದಕ್ಕೆ ಕಲಮೇ ಇಲ್ಲ.

ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, 2004ರಲ್ಲಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕೇಂದ್ರ ಕಾಯ್ದೆ ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ನೇಮಕಪತ್ರ ಕಡ್ಡಾಯ ಎನ್ನುತ್ತವೆ. ಒಬ್ಬಳನ್ನೋ ಇಬ್ಬರನ್ನೋ ಇಟ್ಟುಕೊಂಡ ಮನೆಯಲ್ಲಿ ಆ ಪತ್ರ ಕಂಡವರಿಲ್ಲ. ಮನೆಗೆಲಸದವರಿಗೂ ಉಳಿದ ಕಾರ್ಮಿಕರಂತೆ ವಾರದ ರಜೆ, ಗೊತ್ತಾದ ಕೆಲಸದ ಹೊತ್ತು, ಕನಿಷ್ಠ ಕೂಲಿ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅಂದು ಅದರ ಪರವಾಗಿ ಮತ ಹಾಕಿತು, ಇನ್ನೂ ಅದನ್ನು ಅನುಮೋದಿಸಿಲ್ಲ.